ಆರ್‌ಎನ್‌ಎಯ ಮಡಿ

ತಲೆಗೂದಲಿಗೆ ಬಣ್ಣ ಹಚ್ಚಿಕೊಳ್ಳುವ ವಯಸ್ಸು ನನಗೂ ಬಂತು ಎಂಬುದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ನಿನ್ನೆ ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಅದಕ್ಕೆಂದೇ ಕೈಗವಸು ತೊಟ್ಟೆ ನೋಡಿ, ಆ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಣ್ಣ ಮರೆತೇಹೋಯಿತು. ಈ ಶತಮಾನ ಇನ್ನೂ ಎಳಸಾಗಿದ್ದಾಗ ನನ್ನ ಹಗಲುಗಳೆಲ್ಲ ಆ ವಾಸನೆಯಲ್ಲೇ ಕಳೆದಿದ್ದವು.

ಆಗ ನಾನು ದಿಲ್ಲಿಯ ಒಂದು ಪ್ರಯೋಗಶಾಲೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಊಟ, ವಸತಿ, ಬೈಗುಳ ಎಲ್ಲವೂ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ. ಮಾವ ಕೇಂದ್ರ ಸರ್ಕಾರದ ಗುಮಾಸ್ತರು. ದಿನವಿಡೀ ಲ್ಯಾಬಿನಲ್ಲಿ ಏನು ಮಾಡುತ್ತೀಯೆಂದು ಒಮ್ಮೆ ಕೇಳಿದರು. ಹೇಳಿದೆ. ಜೀವಕೋಶದ ನಡುವೆ ನ್ಯೂಕ್ಲಿಯಸ್ ಎಂಬ ಕೋಣೆ ಇದೆ. ಡಿಎನ್‌ಎ ಅಲ್ಲಿಂದ ಕದಲುವುದಿಲ್ಲ. ಅದರ ಆಜ್ಞೆಯ ನಕಲು ಹೊತ್ತು ಹೊರಗೆ ಹೋಗುವುದು ಮೆಸೆಂಜರ್ ಆರ್‌ಎನ್‌ಎ. ಆ ನಕಲು ಮೊದಲು ಬರೀ ಕರಡು. ಬೇಡದ ತುಂಡುಗಳನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿ, ತಲೆಗೊಂದು ಟೋಪಿ, ಹಿಂದಕ್ಕೊಂದು ಬಾಲ ಸಿಕ್ಕಿಸಿದ ಮೇಲೆಯೇ ಕೋಣೆಯ ಗೋಡೆಯ ರಂಧ್ರಗಳಲ್ಲಿ ಅದಕ್ಕೆ ದಾರಿ. ಹೊರಗೆ ಹೋದರೆ ತಾನೇ ಪ್ರೋಟೀನ್ ತಯಾರಾಗುವುದು!

“ಅಚ್ಛಾ! ಥೇಟ್ ನಮ್ಮ ಮಿನಿಸ್ಟ್ರಿನೇ ಬಿಡು,” ಎಂದರು ಮಾವ. “ತಿದ್ದುಪಡಿ, ಸಹಿ, ಮೊಹರು, ಆಮೇಲೆ ಡಿಸ್ಪ್ಯಾಚ್. ಆ ಡಿಸ್ಪ್ಯಾಚ್ ಗುಮಾಸ್ತ ರಜಾ ಹಾಕಿದ್ರೆ?”

ಅದೇ ನನ್ನ ಪಿಎಚ್.ಡಿ. ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲೇ ಒಂದು ಕೆಟ್ಟ ತಳಿ ನನ್ನ ಬಳಿ ಇತ್ತು. ಸೆಕೆ ಏರಿದರೆ ಅದರ ಒಂದು ಪ್ರೋಟೀನ್ ಕೈಕೊಡುತ್ತಿತ್ತು. ಸಂದೇಶಗಳನ್ನು ಹೊರಗೆ ಸಾಗಿಸುವ ಗುಮಾಸ್ತ ಅದೇ ಎಂಬುದು ನನ್ನ ಊಹೆ. ಊಹೆ ನಿಜವಾದರೆ, ಆರ್‌ಎನ್‌ಎಯ ಬಾಲಕ್ಕೆ ಅಂಟುವ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೆಟ್ಟ ಯೀಸ್ಟಿನಲ್ಲಿ ಆ ನಡುಗೋಣೆ ಮಾತ್ರ ಹೊಳೆಯಬೇಕು.

ನನಗೆ ಕಂಡದ್ದು ಕತ್ತಲು. ಮೈತುಂಬ ಹೊಳೆಯಬೇಕಾದ ಒಳ್ಳೆಯ ಯೀಸ್ಟೂ ಕತ್ತಲೆ. ಆರ್‌ಎನ್‌ಎ ಬಹಳ ನಾಜೂಕು. ಅದನ್ನು ನುಂಗಿಹಾಕುವ ಕಿಣ್ವ ನಮ್ಮ ಚರ್ಮದಲ್ಲಿ, ಬೆವರಿನಲ್ಲಿ, ಉಗುಳಿನಲ್ಲಿ ಇರುತ್ತದೆ. ಆದ್ದರಿಂದ ಅದಕ್ಕೆ ಪ್ರತ್ಯೇಕ ಮೇಜು, ಪ್ರತ್ಯೇಕ ನೀರು, ಬಿಸಿಯಲ್ಲಿ ಸುಟ್ಟು ಶುದ್ಧಮಾಡಿದ ಗಾಜು. ಆ ಜಾಗಕ್ಕೆ ನಾನು ಮಡಿ ಮೂಲೆ ಎಂದು ಹೆಸರಿಟ್ಟೆ. ಜೊತೆಗಿದ್ದ ಪಂಜಾಬಿ ಹುಡುಗಿ ಹರ್ಜೀತ್, ಯಾರೂ ಏನೂ ಮುಟ್ಟದಂತೆ, ಬಂದವರನ್ನೆಲ್ಲ “ಛೂನಾ ಮತ್, ಮಡಿ ಹೈ!” ಎಂದು ಗದರುತ್ತಿದ್ದಳು. ಇಷ್ಟಾದರೂ ಸ್ಲೈಡುಗಳು ಕಪ್ಪು. ನಮ್ಮ ಗೈಡ್ ಮೇಡಂ ಒಳ್ಳೆಯವರೇ, ಬೇಸರಪಟ್ಟುಕೊಂಡೇ ಹೇಳಿದರು: ಇನ್ನೊಂದು ಸಲ ನೋಡು, ಆಗದಿದ್ದರೆ ಈ ವಿಷಯವನ್ನೇ ಬಿಟ್ಟುಬಿಡು. ಬಸ್ಸಿನಲ್ಲಿ ಮನೆಯವರೆಗೂ ಕಣ್ಣೊರೆಸಿಕೊಂಡೇ ಬಂದೆ.

ಅಷ್ಟರಲ್ಲಿ ಗಣೇಶನ ಹಬ್ಬ. ಮಳೆ ನಿಂತ ಮೇಲಿನ ದಿಲ್ಲಿಯ ಜಿಗುಟು ಸೆಕೆ. ಅತ್ತೆ ಮಡಿಯುಟ್ಟು ಕಡುಬು ಮಾಡುತ್ತಿದ್ದರು. ನಾನು, ಸ್ನಾನವಾಗದವಳು, ಅಡುಗೆಮನೆಯ ಹೊಸ್ತಿಲಾಚೆ. ಬೆವರಿಗೆ ಅತ್ತೆಯ ಕನ್ನಡಕ ಮೂಗಿನ ತುದಿಗೆ ಜಾರಿತು. ಹಿಟ್ಟು ಹಿಡಿದ ಕೈಯನ್ನು ಅವರು ಮುಖದ ಹತ್ತಿರ ತರಲಿಲ್ಲ. ಕೊಕ್ಕರೆಯ ಹಾಗೆ ಕತ್ತು ತಿರುಗಿಸಿ, ಭುಜದಿಂದ ಕನ್ನಡಕವನ್ನು ಮೇಲಕ್ಕೆ ನೂಕಿಕೊಂಡರು. ನಾನು ಕಿಸಕ್ಕನೆ ನಕ್ಕೆ. ನಗುತ್ತಲೇ, ಜಾರಿದ ನನ್ನ ಕನ್ನಡಕವನ್ನು ಬೆರಳಿನಿಂದ ಏರಿಸಿಕೊಂಡೆ. ಬೆರಳು ಮೂಗಿನ ಮೇಲೆಯೇ ನಿಂತಿತು.

“ಏನಾಯ್ತೇ? ಗರ ಬಡಿದೋಳ ಥರ ನಿಂತೆ?”

“ಅತ್ತೆ, ನಾನು ಲ್ಯಾಬಲ್ಲೂ ಹಿಂಗೇ ಮಾಡ್ತೀನಿ!”

ಹೌದು. ಕೈಗವಸು ತೊಟ್ಟರೆ ಮಡಿ ಮುಗಿಯಿತು ಎಂದುಕೊಂಡು, ಅದೇ ಬೆರಳಿನಲ್ಲಿ ಬೆವರಿದ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, ಅದೇ ಬೆರಳಿನಲ್ಲಿ ಸ್ಲೈಡು ಹಿಡಿಯುತ್ತಿದ್ದೆ. ಅತ್ತೆಯ ಮಡಿಯ ಬಗ್ಗೆ ನನಗಿದ್ದ ತಕರಾರು ಇವತ್ತಿಗೂ ಇದೆ. ಅದು ಯಾರ್ಯಾರನ್ನೋ ದೂರ ನಿಲ್ಲಿಸುತ್ತದೆ. ಪ್ರಯೋಗಶಾಲೆಯ ಮಡಿ ಹಾಗಲ್ಲ. ಅಲ್ಲಿ ಮೈಲಿಗೆ ಬೇರೆ ಯಾರೂ ಅಲ್ಲ, ನಾನೇ.

ಹಬ್ಬ ಮುಗಿದ ಮೇಲೆ, ಮಾವ ಕೊಟ್ಟ ಫೈಲು ಕಟ್ಟುವ ದಾರದಿಂದ ಕನ್ನಡಕವನ್ನು ತಲೆಗೆ ಬಿಗಿದುಕೊಂಡು ಕೆಲಸಕ್ಕೆ ಕೂತೆ. ನನ್ನ ಕೈ ಎಲ್ಲಿಗೆ ಹೋಗುತ್ತದೆಂದು ನೋಡಲು ಹರ್ಜೀತ್ ಪೊಲೀಸಿನವಳಂತೆ ಪಕ್ಕದಲ್ಲಿ. ಕೊನೆಗೆ ಸೂಕ್ಷ್ಮದರ್ಶಕದ ಕೋಣೆಯ ದೀಪ ಆರಿಸಿ ಕಣ್ಣಿಟ್ಟೆ. ಒಳ್ಳೆಯ ಯೀಸ್ಟು ಮೈತುಂಬ ಹೊಳೆಯುತ್ತಿತ್ತು. ಕೆಟ್ಟದ್ದನ್ನು ಇಟ್ಟೆ. ಸುತ್ತ ಕತ್ತಲು, ಪ್ರತಿ ಕೋಶದ ನಡುವೆ ಒಂದೊಂದು ಉರಿಯುವ ಚುಕ್ಕೆ! ಸಂದೇಶಗಳೆಲ್ಲ ಕೋಣೆಯೊಳಗೇ ಬಾಕಿ. ಗೆದ್ದೆ ಕಣ್ರೀ! ಹರ್ಜೀತ್ ಕಾರಿಡಾರಿನಲ್ಲೇ ಭಾಂಗ್ರಾ ಕುಣಿದಳು. ನನ್ನದು ಕೋಲಾಟಕ್ಕೂ ಬಾರದ ಮೈ, ಆದರೂ ಕುಣಿದೆ. ಮೇಡಂ ಬಹಳ ಹೊತ್ತು ನೋಡಿ, ತಲೆಯೆತ್ತಿ, ಇನ್ನು ಬರೆಯಲು ಕೂರು ಎಂದರು.

ಅತ್ತೆಗೆ ಫೋನ್ ಮಾಡಿದೆ. “ಎಲ್ಲಾ ಒಳಗೇ ಸಿಕ್ಕಾಕ್ಕೊಂಡಿದೆ ಅತ್ತೆ!”

“ಅಯ್ಯೋ ಪಾಪ, ಸಿಕ್ಕಾಕ್ಕೊಂಡಿದ್ದಕ್ಕೆ ಇಷ್ಟು ಖುಷಿನಾ? ಬಾ ಮನೆಗೆ, ಪಾಯಸ ಮಾಡ್ತೀನಿ.”

“ಅಮ್ಮಾ!” ನಿನ್ನೆ ಬಾಲ್ಕನಿಗೆ ಬಂದು ನನ್ನನ್ನು ಎಚ್ಚರಿಸಿದವಳು ಹನ್ನೆರಡನೇ ಕ್ಲಾಸಿನ ಮಗಳು, ಕೈಯಲ್ಲಿ ಬಯಾಲಜಿ ಪುಸ್ತಕ. “ಯೇ ಸಮ್‌ಝಾ ದೋ ನಾ, ಸ್ವಲ್ಪ ಹೇಳ್ಕೊಡು. ಎಂಆರ್‌ಎನ್‌ಎ ರೆಡಿ ಆದ್ಮೇಲೆ ನ್ಯೂಕ್ಲಿಯಸ್ಸಿಂದ ಆಚೆ ಹೋಗುತ್ತೆ ಅಂತಿದೆ. ಬಸ್, ಒಂದೇ ಲೈನ್.”

ಮೊದಲು ಸಿಟ್ಟು ಬಂತು. ಎಷ್ಟೋ ದೇಶಗಳ ಎಷ್ಟೋ ಜನರ ಯೌವನವೆಲ್ಲ ಸೇರಿ ಒಂದೇ ಸಾಲೇ? ಮರುಕ್ಷಣ ಎದೆಯುಬ್ಬಿತು. ಯಾರೂ ಅನುಮಾನಿಸದಷ್ಟು ಗಟ್ಟಿಯಾದ ನಿಜಕ್ಕೆ ಒಂದು ಸಾಲು ಸಾಕು.

“ಈ ಸಾಲಲ್ಲಿ ನಾನಿದೀನಿ,” ಎಂದೆ.

ಅವಳು ಪುಸ್ತಕವನ್ನು ಕಣ್ಣಿನ ಹತ್ತಿರ ತಂದಳು. “ಕಹಾಂ? ನಿನ್ನ ಹೆಸರೆಲ್ಲಿದೆ?”

“ಹೆಸರಿಲ್ಲ ಕಣೇ, ನಾನಿದೀನಿ. ಇನ್ನೊಂದು ಸಲ ಓದು, ಜೋರಾಗಿ.”