ಟ್ರೇಯ ಮೂಲೆ ತುಂಡು

ನನ್ನ ತಮ್ಮನನ್ನು ಬೀದಿಯವರೆಲ್ಲ ಬನ್ನಣ್ಣ ಅಂತಲೇ ಕರೆಯೋದು. ಅಪ್ಪ ಅಮ್ಮ ಇಟ್ಟ ಹೆಸರು ಮದುವೆಯ ದಿನ ಒಂದು ಸಲ ಕೇಳಿಸಿತ್ತು, ಆಮೇಲೆ ಅದಕ್ಕೂ ನಿವೃತ್ತಿ. ಮುಖವೂ ಬನ್ನಿನ ಹಾಗೇ ಇದೆ ಅನ್ನಿ, ಗುಂಡಗೆ, ಮೇಲ್ಗಡೆ ಸ್ವಲ್ಪ ಹೊಳಪು. ಅವನ ಬೇಕರಿ ಕೆಳಗಡೆ, ನನ್ನ ರೂಮು ಮಹಡಿ ಮೇಲೆ. ನಾನು ಬಸ್ ಕಂಡಕ್ಟರ್ ಆಗಿದ್ದವಳು. ಆಯುಷ್ಯವೆಲ್ಲ ‘ಮುಂದೆ ಹೋಗಿ, ಮುಂದೆ ಹೋಗಿ’ ಅಂತ ಕೂಗಿ ಕೂಗಿ ಗಂಟಲು ದಪ್ಪವಾಗಿದೆ. ಈಗ ಕೂಗೋಕೆ ಸಿಗೋನು ಇವನೊಬ್ಬನೇ.

ಬೇಕರಿ ದೊಡ್ಡದೇನಲ್ಲ. ಮುಂದೆ ಗಾಜಿನ ಕೌಂಟರು, ಅಲ್ಲಿ ಅವನ ಹೆಂಡತಿ. ಗಿರಾಕಿಗಳು ಅವಳನ್ನು ಕೌಂಟರಮ್ಮ ಅಂತಾರೆ. ಹಿಂದೆ ಇಟ್ಟಿಗೆ ಒಲೆ, ಅಲ್ಲಿ ಇವನು. ನಡುವೆ ಬಾಗಿಲು, ಅದಕ್ಕೊಂದು ಹಿಟ್ಟು ಮೆತ್ತಿದ ಪರದೆ. ಕೇಕಿನ ಟ್ರೇ ಹೊರಗೆ ಬಂದ ತಕ್ಷಣ ತಮ್ಮ ಚಾಕು ತಗೊಂಡು ಮೂಲೆಯ ತುಂಡು ಕತ್ತರಿಸಿ ಬಾಯಿಗೆ ಹಾಕಿಕೊಳ್ಳಬೇಕು, ಅದು ಅವನ ಕಾನೂನು. ಮೂಲೆ ತುಂಡು ಎರಡು ಕಡೆಯಿಂದಲೂ ಬೆಂದು ಕೆಂಪಗಾಗಿ, ಅಂಚಿನಲ್ಲಿ ಸಕ್ಕರೆ ಗರಿಗರಿ ಕಟ್ಟಿರುತ್ತೆ. ರುಚಿ ನೋಡದೆ ಜನಕ್ಕೆ ಕೊಡಬಾರದು ಅಂತ ನೆಪ. ಒಂದು ಮೂಲೆ ನೋಡಿದರೆ ಸಾಲದೇನೋ ಅಂತ ಕೇಳಿದರೆ, ಒಲೆಯಲ್ಲಿ ಒಂದೊಂದು ಮೂಲೆಯ ಶಾಖ ಒಂದೊಂದು ಥರ ಅಕ್ಕ ಅನ್ನೋನು. ದೇವರು ಟ್ರೇಗೆ ಐದನೇ ಮೂಲೆ ಕೊಟ್ಟಿದ್ದರೆ ಅದನ್ನೂ ಬಿಡ್ತಿರಲಿಲ್ಲ.

ಟ್ರೇ ಹೊರಗೆ ಬರೋ ಹೊತ್ತಿಗೆ ಕೌಂಟರಮ್ಮ ಪರದೆ ಸರಿಸಿ, ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೋಗೋಳು. ಎಷ್ಟು ಸರಕು ಆಯಿತು ಅಂತ ನೋಡೋಕೆ ಬರ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಸಿಹಿ ಅಂದರೆ ಅಷ್ಟಕ್ಕಷ್ಟೆ ಅಂತ ಮನೆಯಲ್ಲೆಲ್ಲ ಮಾತು. ಯಾರು ಹೇಳಿದ್ದು ಅಂದರೆ, ನನ್ನ ತಮ್ಮನೇ.

ಇಂಥವನಿಗೆ ಸಕ್ಕರೆ ಕಾಯಿಲೆ ಬಂತು. ಬರದೆ ಇನ್ನೇನು ಮಾಡೀತು. ಅಕ್ಷರ ಮಂಜಾಗ್ತಿದೆ, ಕನ್ನಡಕ ಬೇಕು ಅಂತ ಹೋದವನಿಗೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕಣ್ಣಿಗೆ ಪೆಟ್ಟು ಬೀಳೋಕೆ ಶುರುವಾಗಿದೆ ಅಂದರು. ಮಾತ್ರೆ ನುಂಗಿ, ದಿನಾ ನಡೀರಿ, ಆ ಮೂಲೆ ತುಂಡು ಬಿಡಿ, ಬಿಡೋಕಾಗದಿದ್ದರೆ ಬೇಕರಿಯನ್ನೇ ಬಿಡಿ ಅಂತ ಖಡಾಖಂಡಿತ ಹೇಳಿ ಕಳಿಸಿದರು. ತಮ್ಮ ನಗ್ತಾ ಮನೆಗೆ ಬಂದ. ಹೆಂಡತಿ ನಗಲಿಲ್ಲ. ಅವಳು ಮಾತಾಡೋದೇ ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ.

“ಮುಂದಿನ ಪರೀಕ್ಷೇಲಿ ಇಳೀಲಿಲ್ಲ ಅಂದ್ರೆ ಬೇಕರಿಗೆ ನಾನೇ ಬೀಗ ಹಾಕ್ತೀನಿ. ನನಗೆ ಒಲೆ ಬೇಡ ರೀ, ಕಣ್ಣಿರೋ ಗಂಡ ಬೇಕು” ಅಂದಳು.

ಅವನ ನಗು ಅಲ್ಲಿಗೇ ನಿಂತಿತು. ಆ ಒಲೆ ನಮ್ಮಪ್ಪ ಕಟ್ಟಿಸಿದ್ದು. ಇವನು ಅದರ ಬಿಸಿಯಲ್ಲೇ ಬೆಳೆದವನು; ರಜೆಯ ದಿನವೂ ಕೆಳಗಿಳಿದು ಇಟ್ಟಿಗೆ ಮುಟ್ಟಿ ನೋಡಿ ಬರ್ತಾನೆ, ಹಸುಗೂಸಿಗೆ ಜ್ವರ ಇದೆಯಾ ಅಂತ ನೋಡೋ ಹಾಗೆ. ಅವಳು ಹೇಳಿದ್ದನ್ನು ಮಾಡೋಳೇ ಅಂತ ನಮಗಿಬ್ಬರಿಗೂ ಗೊತ್ತು. ಬೀಗ ಬಿದ್ದರೆ ಇವನು ಉಳಿಯಲ್ಲ.

ಮರುದಿನದಿಂದಲೇ ನಾಲಿಗೆಗೆ ಏನೂ ಸೋಕಿಸಲ್ಲ ಅಂತ ಶಪಥ ಮಾಡಿದ. ಭಲೇ ಅಂದೆ. ಎಡವಟ್ಟಾಗಿದ್ದು ಅಲ್ಲೇ. ಇವನ ಅಡುಗೆಮನೆಯಲ್ಲಿ ಯಾವ ಡಬ್ಬದ ಮೇಲೂ ಚೀಟಿ ಇರಲಿಲ್ಲ. ಬೆರಳು ಅದ್ದಿ ನೆಕ್ಕಿದರೆ ಇದು ಸಕ್ಕರೆ, ಇದು ಉಪ್ಪು, ಇದು ಸೋಡ ಅಂತ ಗೊತ್ತಾಗ್ತಿತ್ತಲ್ಲ, ಚೀಟಿ ಯಾಕೆ? ಈಗ ನೆಕ್ಕೋ ಹಾಗಿಲ್ಲ. ಅವತ್ತಿನ ಬಿಸ್ಕತ್ತಿಗೆ ಸಕ್ಕರೆ ಬೀಳಬೇಕಾದ ಜಾಗಕ್ಕೆ ಪೂರ್ತಿ ಉಪ್ಪು ಬಿತ್ತು. ಎದುರುಮನೆ ದರ್ಜಿ ಬಹಳ ಮರ್ಯಾದಸ್ಥ. ಅರ್ಧ ತಿಂದ, ಚೊಂಬು ನೀರು ಕುಡಿದ, ಉಳಿದರ್ಧ ಜೇಬಿಗೆ ಇಟ್ಟುಕೊಂಡು, ಹೊಸ ಬಗೆಯಾ ಅಂತ ಮೆಲ್ಲಗೆ ಕೇಳಿದ. ಕೌಂಟರಮ್ಮ ಅಂದೇ ಎಲ್ಲ ಡಬ್ಬಗಳಿಗೂ ಚೀಟಿ ಅಂಟಿಸಿದಳು.

ಶಪಥವೂ ಹೆಚ್ಚು ದಿನ ನಡೀಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲ, ಇವನಂತೂ ಒಲೆ ಮುಂದೆಯೇ ಇರೋನು. ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ಎದುರಾದ. ಟಿಕೆಟ್ ಇಲ್ಲದವನ ಮುಖ ನನಗೆ ಗೊತ್ತಿಲ್ಲವೇ? ಕಿಟಕಿ ಕಡೆ ನೋಡ್ತಾರೆ, ಇಲ್ಲದ ಕೆಮ್ಮು ಕೆಮ್ಮುತ್ತಾರೆ. ಇವನೂ ಕೆಮ್ಮಿದ. ಏನೋ ತಿಂದೆ ಅಂದೆ, ಇಲ್ಲವಲ್ಲ ಅಕ್ಕ ಅಂದ. ಮೀಸೆ ಮೇಲೆ ಚೂರು ಕೂತಿದೆ ಅಂದ ಕೂಡಲೇ ಕೈ ಮೀಸೆಗೆ ಹೋಯಿತು. ಮೀಸೆ ಮೇಲೆ ಏನೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. ಏಪ್ರನ್ನಿನ ಜೇಬು ಜಾಲಾಡಿದರೆ ಮೂರು ಮೂಲೆ ತುಂಡು, ಕರವಸ್ತ್ರದಲ್ಲಿ ಮಡಚಿಟ್ಟಿದ್ದು. ಬೈದೆ, ಚೆನ್ನಾಗೇ ಬೈದೆ. ಅವನು ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಸಿವಲ್ಲ ಅಕ್ಕ, ಟ್ರೇ ಹೊರಗೆ ಬಂದಾಗ ಕೈ ತಾನಾಗಿ ಚಾಕು ಹುಡುಕುತ್ತೆ ಅಂದ. ಕಣ್ಣಲ್ಲಿ ನೀರಿತ್ತು. ಆದರೂ ತುಂಡು ಮೂರನ್ನೂ ಕಸಿದುಕೊಂಡೆ.

ಆಮೇಲೆ ಬುದ್ಧಿವಂತಿಕೆ ಶುರುವಾಯಿತು. ಸಕ್ಕರೆ ಬೇಡ, ಖರ್ಜೂರ ಇದೆಯಲ್ಲ ಅಂತ ಓಟ್ಸು ಸೇರಿಸಿ ಬಿಸ್ಕತ್ತು ಸುಟ್ಟ. ಮೊದಲನೆಯದು ನನ್ನ ಕಟ್ಟಿಸಿದ ಹಲ್ಲಿಗೆ ಸವಾಲು ಹಾಕಿತು. ಬೀದಿನಾಯಿ ಮೂಸಿ ನೋಡಿ, ನನ್ನ ಮುಖವನ್ನೂ ನೋಡಿ, ಹೊರಟುಹೋಯಿತು. ಎರಡನೇ ಸಲ ಮೆತ್ತಗೆ ಬಂತು, ರುಚಿಯೂ ಬಂತು, ಅದೇ ಕೇಡಾಯಿತು. ಆರೋಗ್ಯದ್ದು ತಾನೇ ಅಂತ ಡಬ್ಬಗಟ್ಟಲೆ ಮುಗಿಸಿದ. ಡಾಕ್ಟರಮ್ಮನಿಗೆ ಹೆಮ್ಮೆಯಿಂದ ಹೇಳಿಕೊಂಡರೆ, ಬೆಲ್ಲ, ಜೇನು, ಖರ್ಜೂರ ಎಲ್ಲ ಸಕ್ಕರೆಯ ದಾಯಾದಿಗಳೇ, ಒಂದು ತಿನ್ನೋ ಕಡೆ ಹತ್ತು ತಿಂದರೆ ಯಾವ ಹೆಸರಿದ್ದರೇನು ಅಂತ ಉಗಿದರು. ಪರೀಕ್ಷೆ ಹತ್ತಿರ ಬರ್ತಿತ್ತು. ಕೌಂಟರಮ್ಮ ಒಂದು ಹೊಸ ಬೀಗ ತಂದು ಕೌಂಟರಿನ ಮೇಲೆ, ಗಿರಾಕಿಗಳಿಗೂ ಕಾಣೋ ಹಾಗೆ, ಇಟ್ಟಳು.

ದಾರಿ ತೋರಿಸಿದವಳೂ ಅವಳೇ. ಕೊನೆಯ ಟ್ರೇ ತೆಗೆದ ಮೇಲೆ ಒಲೆ ಆರೋವರೆಗೂ ಆ ಬಿಸಿ ಸುಮ್ಮನೆ ಪೋಲಾಗ್ತಿತ್ತು. ಅವತ್ತು ಅವಳು ಒಂದು ಸೇಬು ಹೋಳು ಮಾಡಿ, ಮೇಲೆ ಚಕ್ಕೆಪುಡಿ ಉದುರಿಸಿ, ಜಜ್ಜಿದ ಬಾದಾಮಿ ಹಾಕಿ, ತಟ್ಟೆ ಸಮೇತ ಒಲೆಯೊಳಗೆ ತಳ್ಳಿದಳು. ಸಕ್ಕರೆ ಒಂದು ಕಾಳೂ ಇಲ್ಲ. ಸ್ವಲ್ಪ ಹೊತ್ತಿಗೆ ಆ ಘಮ ಮಹಡಿಗೆ ಬಂತು, ನಾನು ಚಪ್ಪಲಿ ಕೂಡ ಹಾಕದೆ ಇಳಿದೆ. ಹೋಳು ಕುಗ್ಗಿ, ಸ್ವಂತ ರಸದಲ್ಲೇ ಅಂಟಂಟಾಗಿ, ಅಂಚೆಲ್ಲ ಕೆಂಪಗಾಗಿತ್ತು. ಅವಳು ಅರ್ಧವನ್ನು ಗಟ್ಟಿ ಮೊಸರಿನ ಮೇಲಿಟ್ಟು ಗಂಡನಿಗೆ ಕೊಟ್ಟು, ಉಳಿದರ್ಧ ನನ್ನ ಕಡೆ ತಳ್ಳಿದಳು. ತಮ್ಮ ಮೊಸರಿನ ಸಮೇತ ತಟ್ಟೆ ಬಳಿದು ತಿಂದ. ಅವನಿಗೆ ಬೇಕಾಗಿದ್ದದ್ದು ಆ ಬಿಸಿ, ಆ ಘಮ, ಆ ಕೆಂಪು ಅಂಚು. ಸಕ್ಕರೆ ಜೊತೆಗೆ ಬಿಟ್ಟಿ ಪ್ರಯಾಣ ಮಾಡ್ತಿತ್ತು ಅಷ್ಟೆ. ಇಷ್ಟು ಸಿಹಿ ಎಲ್ಲಿಂದ ಬಂತು ಅಂತ ಕೇಳಿದ. ಚಿಟಿಕೆ ಉಪ್ಪು ಹಾಕಿದೀನಿ, ಸಿಹಿ ಎದ್ದು ಕಾಣುತ್ತೆ ಅಂದಳು. ನಿನಗೆ ಹೇಗೆ ಗೊತ್ತು ಅನ್ನೋ ಹೊತ್ತಿಗೆ ಪರದೆ ಆಚೆ ಹೋಗಿದ್ದಳು.

ಅಲ್ಲಿಂದ ಅದೇ ದಿನಚರಿ. ಒಲೆ ಆರೋ ಹೊತ್ತಿಗೆ ಒಂದು ದಿನ ಸೇಬು, ಒಂದು ದಿನ ಪೇರು, ಒಂದು ದಿನ ಸಿಹಿಗುಂಬಳದ ಹೋಳು. ಒಬ್ಬರಿಗೆ ಅರ್ಧ, ಎರಡನೇ ಸಲ ಕೇಳೋ ಹಾಗಿಲ್ಲ. ಸಂಜೆ ನಾನು ಅವನನ್ನು ನಡೆಯೋಕೆ ಕರೆದುಕೊಂಡು ಹೋಗ್ತಿದ್ದೆ. ಬೇರೆಯವರ ಬೇಕರಿ ಗಾಜಿನ ಮುಂದೆ ಕಾಲು ನಿಧಾನ ಮಾಡ್ತಿದ್ದ. ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗಿದರೆ ಬೀದಿಯ ಅರ್ಧ ಜನ ಮುಂದೆ ಹೋಗೋರು, ಇವನೂ ಹೋಗೋನು. ಕೇಕು ಮಾತ್ರ ತಕ್ಕಡಿಯ ಲೆಕ್ಕದಲ್ಲೇ ಬರ್ತಿತ್ತು, ರುಚಿ ನೋಡೋರಿಲ್ಲ. ತಪ್ಪೇನಿಲ್ಲ, ಆದರೆ ಮೊದಲಿನ ಹಾಗಿಲ್ಲ ಅಂತ ದರ್ಜಿ ಮರ್ಯಾದೆಯಾಗಿ ಹೇಳಿಹೋದ.

ಪರೀಕ್ಷೆಯ ದಿನ ಮೂವರೂ ಹೋದೆವು. ಡಾಕ್ಟರಮ್ಮ ವರದಿ ನೋಡಿ ಮೊದಲ ಸಲ ಹಲ್ಲು ಕಾಣೋ ಹಾಗೆ ನಕ್ಕರು. ಸಕ್ಕರೆ ಚೆನ್ನಾಗಿ ಇಳಿದಿದೆ, ಕಣ್ಣು ಮುಂದಕ್ಕೆ ಕೆಟ್ಟಿಲ್ಲ, ಹೀಗೇ ಇರಲಿ, ಎಂದಾದರೂ ಒಂದು ಚೂರು ಕೇಕು ತಿಂದರೆ ಪ್ರಳಯವೇನೂ ಆಗಲ್ಲ ಅಂದರು. ಮನೆಗೆ ಬಂದ ಕೂಡಲೇ ಕೌಂಟರಮ್ಮ ಬೀಗವನ್ನು ಎತ್ತಿ ಒಳಗಿಟ್ಟಳು. ನನಗೆ ಕುಣಿಯೋ ಹಾಗಾಯಿತು, ಮಂಡಿ ಒಪ್ಪಲಿಲ್ಲ.

ಅವತ್ತಿನ ಮೊದಲ ಟ್ರೇ ಹೊರಗೆ ಬಂದಾಗ ಅವಳೇ ಚಾಕು ಹಿಡಿದು, ಮೂಲೆಯಲ್ಲಿ ಚೂರು ಕತ್ತರಿಸಿ ಅವನ ಕೈಗಿಟ್ಟಳು. ಅವನು ಕಣ್ಣು ಮುಚ್ಚಿ ತಿಂದ. ಮುಖ ಹಿಂಡಿಕೊಂಡಿತು.

“ಅಬ್ಬಾ, ಎಷ್ಟು ಸಿಹಿ ಇದು. ಸರಿಯಾಗಿದೆಯೋ ಇಲ್ವೋ ನನಗೆ ಗೊತ್ತಾಗ್ತಿಲ್ಲ ಅಕ್ಕ. ನನ್ನ ನಾಲಿಗೆ ಹೋಯ್ತು. ಒಲೆ ಉಳಿದು ಏನು ಪ್ರಯೋಜನ?” ಅಂದ. ಆ ಧ್ವನಿ ಕೇಳಿ ನನ್ನ ಖುಷಿಯೆಲ್ಲ ಜರ್ರನೆ ಇಳಿಯಿತು.

ಕೌಂಟರಮ್ಮ ಎರಡನೇ ಮೂಲೆ ಕತ್ತರಿಸಿ ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಸಕ್ಕರೆ ಸರಿ, ಆದರೆ ಕೈ ಬಿಗಿ ಹಿಡಿದರೂ ನಡೆಯುತ್ತೆ. ಉಪ್ಪು ಚಿಟಿಕೆ ಕಡಿಮೆ. ಬೆಣ್ಣೆ ನಿನ್ನೆಯದು ಅಂದಳು. ತಮ್ಮ ಬೆಣ್ಣೆಯ ಕಡೆ ನೋಡಿದ. ನಿನ್ನೆಯದೇ. ನಿನಗೆ ಸಿಹಿ ಇಷ್ಟ ಇಲ್ಲವಲ್ಲ ಅಂತ ತೊದಲಿದ.

“ಹಾಗಂತ ಯಾರು ಹೇಳಿದ್ದು? ಮದುವೆಯಾದ ಹೊಸದರಲ್ಲಿ ಮೂಲೆ ತುಂಡು ಬೇಕಾ ಅಂತ ಕೇಳಿದ್ರಿ. ಕೌಂಟರಲ್ಲಿ ಜನ ಇದ್ರು, ಆಮೇಲೆ ಕೊಡಿ ಅಂದೆ. ನೀವು ಬೇಡ ಅಂತ ತಿಳ್ಕೊಂಡ್ರಿ, ಬಂದು ನೋಡಿದ್ರೆ ನಾಲ್ಕೂ ಖಾಲಿ. ಅವತ್ತಿಂದ ದಿನಾ ಬಂದು ನೋಡ್ತಿದೀನಿ.”

ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯೋಳು ನಾನು. ಇವಳು ಟಿಕೆಟ್ ಇಟ್ಟುಕೊಂಡು ಇಷ್ಟು ವರ್ಷ ಬಾಗಿಲಲ್ಲೇ ನಿಂತಿದ್ದು ನನಗೆ ಕಾಣಲೇ ಇಲ್ಲ. ತಮ್ಮ ತಲೆ ತಗ್ಗಿಸಿದ. ಆಮೇಲೆ ಡಬ್ಬದಿಂದ ಚಿಟಿಕೆ ಉಪ್ಪು ತೆಗೆದು, ಇಷ್ಟು ಸಾಕಾ ಅಂತ ಅವಳಿಗೆ ತೋರಿಸಿದ. ಇನ್ನೂ ಸ್ವಲ್ಪ ಅಂದಳು.

ಮರುದಿನ ಟ್ರೇ ಹೊರಗೆ ಬಂತು. ಕೌಂಟರಿನ ಮುಂದೆ ದರ್ಜಿ, ಅವನ ಹಿಂದೆ ಇನ್ನಷ್ಟು ಜನ. ತಮ್ಮ ಚಾಕು ಮುಟ್ಟಲಿಲ್ಲ. ಪರದೆ ಸರಿಸಿ, ಎಲ್ಲರ ಎದುರಿಗೇ, “ಟ್ರೇ ಬಂತು, ಬಾ. ಗಿರಾಕಿಗಳು ಕಾಯ್ತಾರೆ” ಅಂತ ಕರೆದ. ಅವಳು ಕೈ ಒರೆಸಿಕೊಂಡು ಒಳಗೆ ಬಂದಳು. ದರ್ಜಿ ಕಾದ.