ಅಕ್ಕಿ ಮೂಟೆಗೆ ಸೇರಿಹೋದ ಮಳೆಕಾಡಿನ ಇರುವೆ

ನಾನು ಮಾಡದೇ ಇದ್ದ ಮಿಮಿಕ್ರಿಗೆ ಬಂದ ಹೊಗಳಿಕೆಯನ್ನು ಹಲ್ಲು ಕಿಸಿದು ತೆಗೆದುಕೊಂಡವನು ನಾನು. ಅದರಿಂದ ಒಬ್ಬಳು ತನ್ನ ಇರುವೆಯನ್ನು ಕಳೆದುಕೊಂಡಳು. ನನಗೆ ಏನೂ ಆಗಲಿಲ್ಲ, ಎಂ.ಎಸ್ಸಿ. ಕೂಡ ಪಾಸಾಯಿತು.

ಆಗ ಬಳ್ಳಾರಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಮನೆಯಲ್ಲಿ ಹೇಳುತ್ತಿದ್ದ ಮಾತು. ಊರು ಕುರುಗೋಡು, ದಿನಾ ಬಸ್ಸು. ಬಸ್ಸಿನಲ್ಲಿ ಕಂಡಕ್ಟರನ ದನಿ ತೆಗೆದು "ಒಳಗ ಸರೀರಿ" ಎಂದರೆ ಜನ ಸರಿಯುತ್ತಿದ್ದರು. ಒಮ್ಮೆ ಕಂಡಕ್ಟರನೂ ಸರಿದ. ಮುಖ ನೋಡಿದರೆ ಯಾರೂ ಎರಡನೇ ಸಲ ನೋಡುವಂತಿಲ್ಲ, ಆದ್ದರಿಂದ ಗಂಟಲನ್ನೇ ನಂಬಿಕೊಂಡಿದ್ದೆ. ನನ್ನ ಅತ್ಯುತ್ತಮ ಪಾತ್ರ ನಮ್ಮ ಗೈಡ್ ಸರ್. ಅವರು ಮೈಸೂರು ಕಡೆಯವರು. ಎರಡು ಸಲ ಗಂಟಲು ಸರಿಮಾಡಿಕೊಂಡು "ವಿಷಯಕ್ಕೆ ಬರೋಣ" ಎಂದು ಶುರು ಮಾಡುವರು, ಆಮೇಲೆ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳುವರು.

ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು ಸಿರುಗುಪ್ಪದ ಅಕ್ಕ. ಸೀನಿಯರ್ ಆದ್ದರಿಂದ ಅಕ್ಕ. ಭತ್ತದ ಊರಿನ ಹುಡುಗಿ ಸಹ್ಯಾದ್ರಿಯ ಮಳೆಕಾಡಿಗೆ ಹೋಗಿ, ಜಿಗಣೆಗಳಿಗೆ ರಕ್ತ ಕೊಟ್ಟು, ಕೊಳೆತ ಎಲೆ ಜರಡಿ ಹಿಡಿದು ಇರುವೆ ತಂದಿದ್ದಳು. ಇಲ್ಲಿ ಬಳ್ಳಾರಿಯ ಬಿಸಿಲಲ್ಲಿ ಲ್ಯಾಬಿನ ಫ್ಯಾನು ಹಾಕುವಂತಿಲ್ಲ, ಹಾಕಿದರೆ ಇರುವೆ ಹಾರಿಹೋಗುತ್ತದೆ. ಬೆವರು ಒರೆಸಿಕೊಳ್ಳುತ್ತ ಒಂದೊಂದನ್ನೂ ಸಣ್ಣ ರಟ್ಟಿನ ಚೂರಿನ ತುದಿಗೆ ಗೋಂದಿನಿಂದ ಅಂಟಿಸಿ, ರಟ್ಟಿಗೆ ಪಿನ್ನು ಚುಚ್ಚಿ, ಕೆಳಗೆ ಚೀಟಿ ಸಿಕ್ಕಿಸುವಳು. ಯಾವ ಕಾಡು, ಯಾವ ತಾರೀಖು, ಹಿಡಿದವರು ಯಾರು ಎಂಬ ಚೀಟಿ. ಎಲ್ಲಿಯದೆಂದು ಗೊತ್ತಿಲ್ಲದ ಇರುವೆ, ಎಷ್ಟು ಅಪರೂಪದ್ದೇ ಆಗಿರಲಿ, ವರ್ಗೀಕರಣದವರ ಪಾಲಿಗೆ ಕಸ. ಇದನ್ನು ನನಗೆ ಮೊದಲ ದಿನವೇ ಹೇಳಿಕೊಟ್ಟವಳು ಅವಳೇ.

ಒಣಕಡ್ಡಿಯೊಂದರ ಒಳಗಿನ ಗೂಡಿನಲ್ಲಿ ಸಿಕ್ಕ ಐದು ಜೇನುಬಣ್ಣದ ಇರುವೆಗಳು ಅವಳ ನೆಮ್ಮದಿ ಕೆಡಿಸಿದ್ದವು. ಇರುವೆಯನ್ನು ಗುರುತಿಸುವ ಪುಸ್ತಕದಲ್ಲಿ ಪ್ರತಿ ಹೆಜ್ಜೆಗೂ ಎರಡು ದಾರಿ, ಒಂದನ್ನು ಆರಿಸಿಕೊಂಡು ಮುಂದೆ ಹೋಗಬೇಕು. ಸೊಂಟಕ್ಕೆ ಗಂಟು ಒಂದೋ ಎರಡೋ? ಎರಡು. ಬೆನ್ನಿನ ಕೊನೆಗೆ ಮುಳ್ಳು ಇದೆಯೋ ಇಲ್ಲವೋ? ಇದೆ. ಹೀಗೆ ಹೋಗಿ ತಲೆಯ ಮೇಲಿನ ಕುಡಿಮೀಸೆಯ ಹತ್ತಿರ ಅವಳು ನಿಂತುಬಿಡುತ್ತಿದ್ದಳು. ಆ ಗುಂಪಿನಲ್ಲಿ ಪುಸ್ತಕಕ್ಕೆ ಗೊತ್ತಿದ್ದ ಇರುವೆಗಳಿಗೆಲ್ಲ ಕುಡಿಮೀಸೆಗೆ ಹನ್ನೆರಡು ಗೆಣ್ಣು, ಇವಕ್ಕೆ ಹನ್ನೊಂದು.

"ನೀ ಎಣಿಸಲೇ. ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಕಿ ಹೋಗೈತಿ" ಎಂದು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು.

"ಹನ್ನೊಂದಾ ಅದಾವಕ್ಕ. ಇನ್ನೊಂದು ನೀನಾ ಮುರದಿರಬೇಕು."

"ಐದಕ್ಕ ಐದೂ ಮುರೀತೀನೇನು? ನಿನ್ನ ಹಲ್ಲು ಮುರೀತೀನಿ, ಸುಮ್ನ ಎಣಿಸು."

ಹೊಸ ಪ್ರಭೇದವೆಂದು ಖಾತ್ರಿಯಾದರೆ, ಅದನ್ನು ಮೊದಲು ಲೋಕಕ್ಕೆ ತಿಳಿಸಿದವಳೆಂದು ಇರುವೆಯ ಹೆಸರಿನ ಪಕ್ಕದಲ್ಲಿ ಅವಳ ಹೆಸರು ನಿಲ್ಲುತ್ತಿತ್ತು. ಸರ್ ಫೋಟೋಗಳನ್ನು ದೂರದ ತಜ್ಞರೊಬ್ಬರಿಗೆ ಕಳಿಸಿದ್ದರು. ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು.

ಕಾಯುವವರನ್ನು ಕಂಡರೆ ನನಗೆ ನಾಲಿಗೆ ತುರಿಸುತ್ತದೆ. ಅವಳು ಊರಿಗೆ ಹೋದಾಗ ವಿಭಾಗದ ಫೋನಿನಿಂದ ಸರ್ ದನಿಯಲ್ಲಿ ಕರೆ ಮಾಡಿದೆ. "ವಿಷಯಕ್ಕೆ ಬರೋಣ. ನಿಮ್ಮ ಇರುವೆಗೆ ಮೀಸೆ ಸಾಲದು ಅಂತಾರಮ್ಮ ತಜ್ಞರು. ಸ್ವಲ್ಪ ಹರಳೆಣ್ಣೆ ಹಚ್ಚಿ ನೋಡಿ." ಪಾಪ, "ಹೂಂ ಸರ್" ಎಂದಳು. ಮುಂದಿನ ಸಲ ಗುರುತು ಹಿಡಿದು ಬೈದಳು. ಆಮೇಲೆ ಅವಳೂ ಆಟಕ್ಕೆ ಇಳಿದಳು; ನಾನು ಸರ್ ಆಗಿ ಕೇಳುವುದು, ಅವಳು ಬಾಯಿಗೆ ಬಂದ ಉತ್ತರ ಕೊಡುವುದು.

ಉಗಾದಿ ಮರುದಿನ ಅವಳಿನ್ನೂ ಸಿರುಗುಪ್ಪದಲ್ಲೇ ಇದ್ದಳು. ವಿಭಾಗದ ಫೋನಿನಿಂದ ಕರೆ. ಎರಡು ಸಲ ಗಂಟಲು ಸರಿಮಾಡಿದ ಸದ್ದು. "ವಿಷಯಕ್ಕೆ ಬರೋಣ. ಆ ಐದೂ ಒಂದೇ ಗೂಡಿನವೇನಮ್ಮ?"

"ಎಲ್ಲೀದು ಸರ್! ಒಂದು ಕಾಡಿಂದು, ಎರಡು ನಮ್ಮನಿ ಅಕ್ಕಿ ಮೂಟ್ಯಾಗ ಸಿಕ್ಕಾವು, ಉಳಿದಾವು ಕುರುಗೋಡಿನ ಹೋಳಿಗಿ ಡಬ್ಬಿವ್ರಿ. ಚೀಟಿ ನಾನಾ ಬರದು ಚುಚ್ಚೀನಿ."

ಆ ಕಡೆಯಿಂದ "ಸರಿ" ಎಂದು ಫೋನು ಇಟ್ಟರು. ಇಟ್ಟದ್ದು ಸರ್, ಖುದ್ದು ಸರ್. ತಜ್ಞರು ಕೇಳಿದ್ದ ಪ್ರಶ್ನೆಯನ್ನೇ ಅವಳಿಗೆ ದಾಟಿಸಿದ್ದರು.

ಅವಳು ನಗುತ್ತಲೇ ನನಗೆ ಮೆಸೇಜು ಹಾಕಿದಳು: "ಇವತ್ತಿನ ಪಾರ್ಟು ಭಾರೀ ಆತಲೇ. ಸರ್‌ಗಿಂತ ನೀನಾ ಖರೇ ಸರ್."

ನಾನು ಹೋಳಿಗೆ ತಿಂದು ಕುರುಗೋಡಿನ ಮನೆಯ ಕಟ್ಟೆಯ ಮೇಲೆ ಬಿದ್ದುಕೊಂಡಿದ್ದೆ. ಯಾವ ಪಾರ್ಟು? ನಾನು ಫೋನು ಮಾಡಿಯೇ ಇರಲಿಲ್ಲ. ಒಂದು ಮಾತು ಕೇಳಿದ್ದರೆ ಅವಳು ಆ ಕ್ಷಣವೇ ಸರ್‌ಗೆ ಫೋನು ಮಾಡಿ ಸರಿಪಡಿಸುತ್ತಿದ್ದಳು. ಆದರೆ ಅಷ್ಟು ಒಳ್ಳೆಯ ಹೊಗಳಿಕೆಯನ್ನು ವಾಪಸ್ಸು ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹಳೆಯದನ್ನು ನೆನೆಸಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, "ಕಲಾವಿದರಿಗೆ ಕೈ ಮುಗೀರಿ" ಎಂದು ಬರೆದು ಮಗ್ಗಲು ಬದಲಿಸಿದೆ. ಆ ಸಂಜೆಯೇ ಸರ್ ತಜ್ಞರಿಗೆ ಬರೆದುಬಿಟ್ಟರು: ಮಾದರಿಗಳು ಎಲ್ಲಿಯವು ಎಂಬುದು ಸಂಶಯ, ದಯವಿಟ್ಟು ಕೈಬಿಡಿ.

ಅವಳು ಬಂದು ನೋಡಿದಾಗ ಐದೂ ಪಿನ್ನುಗಳು ಪಾಠಕ್ಕೆ ತೋರಿಸುವ ಚಿಟ್ಟೆ, ಜಿರಲೆಗಳ ಪೆಟ್ಟಿಗೆಯಲ್ಲಿದ್ದವು. ತಮಾಷೆಗೆ ಅಂದದ್ದು ಎಂದು ಎಷ್ಟು ಹೇಳಿದರೂ ಸರ್ ಒಪ್ಪಲಿಲ್ಲ. "ಚೀಟಿ ನಾನೇ ಬರೆದು ಚುಚ್ಚಿದೆ ಅಂತ ನೀವೇ ಹೇಳಿದಿರಿ." ಅವಳು ನನ್ನ ಕಡೆ ನೋಡಿದಳು. ನಾನು ಮುಂದೆ ಬಂದು, ನಿಮ್ಮ ದನಿ ಮಾಡುತ್ತಿದ್ದೆ ಸರ್, ಫೋನು ಮಾಡಿದ್ದು ನಾನೇ ಅಂದುಕೊಂಡು ಹಾಗೆ ಅಂದಳು ಎಂದೆ.

"ನನ್ನ ದನಿಯೇ? ಮಾಡಿ, ಕೇಳೋಣ."

ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಮಾಡಿರಲಿಲ್ಲ. "ವಿಷಯಕ್ಕೆ ಬರೋಣ" ಎಂದದ್ದೇ ತಡ, ಹೊರಗಿನಿಂದ ಅಟೆಂಡರು "ಬಂದೆ ಸರ್, ಚಾ ತರ್ಲೇನ್ರಿ?" ಎಂದು ಕೂಗಿದ. ಇದಕ್ಕಿಂತ ಸಾಕ್ಷಿ ಏನು ಬೇಕು ಎಂದು ನಾನು ಗೆದ್ದವನಂತೆ ನಿಂತೆ. ಸರ್ ಮುಖ ಕಪ್ಪಿಟ್ಟಿತು. ಇಡೀ ವಿಭಾಗ ಇಷ್ಟು ದಿನ ತಮ್ಮನ್ನು ಕಂಡು ನಕ್ಕಿದೆ ಎನ್ನುವುದು ಅವರಿಗೆ ಆಗ ತಿಳಿಯಿತು, ಬೇರೇನೂ ಅವರ ಕಿವಿಗೆ ಹೋಗಲಿಲ್ಲ. ಮತ್ತೆ ಕಾಡಿಗೆ ಹೋಗಿ ಹುಡುಕುತ್ತೇನೆಂದು ಅವಳು ಬೇಡಿಕೊಂಡಳು. ಅರಣ್ಯ ಇಲಾಖೆಯ ಅನುಮತಿಗೆ ಸರ್ ಸಹಿ ಬೇಕಿತ್ತು. ಅವರು ಹಾಕಲಿಲ್ಲ.

ಗೊತ್ತಿದ್ದ ಇರುವೆಗಳ ಮೇಲಷ್ಟೇ ಬರೆದು ಅವಳು ಪಿಎಚ್.ಡಿ. ಮುಗಿಸಿದಳು. ಈಗ ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹೋದ ಮಳೆಗಾಲದಲ್ಲಿ ಬೇರೆ ಯಾರೋ ಅದೇ ಘಟ್ಟದಿಂದ ಹೊಸ ಇರುವೆಯೊಂದನ್ನು ವಿವರಿಸಿದ್ದು ನನ್ನ ಕಣ್ಣಿಗೆ ಬಿತ್ತು. ಜೇನುಬಣ್ಣ, ಹನ್ನೊಂದು ಗೆಣ್ಣು. ನನ್ನಿಂದ ಮುಚ್ಚಿಡಲು ಆಗಲಿಲ್ಲ. ಸಿರುಗುಪ್ಪಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಗ್ಗಾಣಿ ಮಿರ್ಚಿಯ ಮುಂದೆ ಕೂತು ಅವಳಿಗೆ ಫೋನು ತೋರಿಸಿದೆ.

ಎಡಗೈಯಿಂದ ಫೋಟೋ ದೊಡ್ಡದು ಮಾಡಿ, ತುಟಿ ಅಲ್ಲಾಡಿಸುತ್ತ ಎಣಿಸಿದಳು.

"ಅದಾ ಐತಿ. ಫೋಟೋ ಚಲೋ ತಗದಾರ."

"ತಪ್ಪು ನಂದಾ ಅಕ್ಕ. ನಂದಾ ತಪ್ಪು."

ಮಿರ್ಚಿ ಮುರಿದು, ಬೀಜ ತೆಗೆದು ತಟ್ಟೆಯ ಅಂಚಿಗಿಟ್ಟಳು.

"ನಿನ್ನ ದನ್ಯಾಗ ಕೇಳಿ ಕೇಳಿ ಸಾಕಾಗೈತಲೇ. ಸರ್ ದನ್ಯಾಗ ಒಂದ್ಸಲ ಅನ್ನು. ಅವರಂತೂ ಅನ್ನಲಿಲ್ಲ."