ಬೆನ್ನಿಗೆ ಹನ್ನೊಂದು ಗುಂಡಿ

ಕಟಕಟಕಟ… ಒಂದು ಕ್ಷಣ ಮೌನ, ಮತ್ತೆ ಕಟಕಟಕಟ. ಮೊನ್ನೆ ಬಸವೇಶ್ವರನಗರದಲ್ಲಿ ಮೊಮ್ಮಗಳ ಪ್ಯಾಂಟನ್ನು ಆಲ್ಟರೇಷನ್‌ಗೆ ಕೊಟ್ಟು ಕುಳಿತಿದ್ದೆ. ಟೈಲರ್‌ನ ಹಳೆಯ ಮಿಷನ್ನಿನ ಸದ್ದಿಗೆ ನನ್ನ ಬೆರಳುಗಳು ತಾವಾಗಿಯೇ ಗುಂಡಿ ಹಾಕುವಂತೆ ಆಡಿದವು. ಹಿಂದೆ ಆ ಮೌನ ಬಂದಾಗಲೆಲ್ಲ, ಪಕ್ಕದ ಮನೆಯ ಅಕ್ಕ ಹಲ್ಲಿನಿಂದ ದಾರ ಕಡಿಯುತ್ತಿದ್ದಾಳೆಂದು ಗೋಡೆಯ ಈಚೆಗಿದ್ದ ನನಗೆ ಗೊತ್ತಾಗುತ್ತಿತ್ತು.

ಎಪ್ಪತ್ತರ ದಶಕದ ರಾಜಾಜಿನಗರ. ನಮ್ಮ ಪಕ್ಕದ ಪೋರ್ಷನ್ನಿಗೆ ಸೇಲಂ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು, ಜೊತೆಗೆ ಅತ್ತೆ. ನಾನು ಕಾನ್ವೆಂಟ್ ಮುಗಿಸಿ ಬಿ.ಎ. ಸೇರಿದ್ದೆ. ನಮ್ಮ ರಸ್ತೆಗೆಲ್ಲ ಸ್ಟೈಲ್ ಅಂದರೆ ನಾನೇ ಅಂದುಕೊಂಡಿದ್ದೆ. ಅಕ್ಕ ಬಂದ ವಾರಕ್ಕೇ ಅದು ಮುಗಿಯಿತು. ಎದುರಿಗೆ ‘ನೀವು’ ಅನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ‘ಅವಳು’.

ಅವಳಿಗೆ ಒಬ್ಬ ತಮಿಳು ನಟಿಯ ಹುಚ್ಚು. ಆ ನಟಿಯಂತೆಯೇ ಕಣ್ಣಂಚಿನಿಂದ ಆಚೆಗೆ ಎಳೆದ ಕಾಡಿಗೆ, ಗಂಡನ ಹಳೇ ಕಾಲುಚೀಲ ಒಳಗಿಟ್ಟು ಎತ್ತರಿಸಿದ ತುರುಬು, ಭುಜದಿಂದ ಭುಜಕ್ಕೆ ನೇರ ಹೋಗುವ ಬೋಟ್ ನೆಕ್ ರವಿಕೆ… ಆದರೆ ಆ ನಟಿಯ ಒಂದು ಸಿನಿಮಾವನ್ನೂ ಅಕ್ಕ ನೋಡಿರಲಿಲ್ಲ. ಅತ್ತೆ ಟಾಕೀಸಿಗೆ ಕಳಿಸುತ್ತಿರಲಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯವನು ಸೈಕಲ್ಲಿನಲ್ಲಿ ತರುತ್ತಿದ್ದ ತಮಿಳು ಪತ್ರಿಕೆಯ ಫೋಟೋ ನೋಡಿಯೇ ಎಲ್ಲ ಹೊಲಿಯುತ್ತಿದ್ದಳು.

“ಕಾನ್ವೆಂಟಿಗೆ ಹೋದೋಳು ನೀನು, ನೆಟ್ಟಗೆ ಸೀರೆ ಉಡೋಕೆ ಬರೋದು ಅವ್ಳಿಗೆ,” ಎಂದು ಅಮ್ಮ ನನಗೆ ಚುಚ್ಚುತ್ತಿದ್ದರು.

ನಾನು ಗೆಳತಿಯರ ಜೊತೆ ಆ ನಟಿಯ ಹೊಸ ಪಿಕ್ಚರ್‌ನ ಮ್ಯಾಟಿನಿಗೆ ಹೋಗಿ ಬಂದ ಸಂಜೆ, ಅಕ್ಕ ಪತ್ರಿಕೆ ಹಿಡಿದು ಓಡಿಬಂದಳು.

“ಫೋಟೋದಲ್ಲಿ ಬರೀ ಮುಂದೆ ಕಾಣತ್ತೆ ಮಾ. ರವಿಕೆ ಬೆನ್ನು ಹೆಂಗಿದೆ ಹೇಳು. ದೀಪಾವಳಿಗೆ ಹೊಲ್ಕೋಬೇಕು.”

ಬೆನ್ನು ಆಳವಾಗಿ ತೆರೆದಿತ್ತು, ಎರಡು ದಾರದ ಒಂದು ಗಂಟು ಅಷ್ಟೆ. ಹಾಡಿನಲ್ಲಿ ಆಕೆ ತಿರುಗಿದಾಗ ಟಾಕೀಸಿಗೆ ಟಾಕೀಸೇ ಶಿಳ್ಳೆ ಹೊಡೆದಿತ್ತು. ಆ ಬೆನ್ನನ್ನು ಅಕ್ಕನಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

“ಫುಲ್ ಕ್ಲೋಸ್ಡ್ ಅಕ್ಕ. ಕತ್ತಿಂದ ಸೊಂಟದವರೆಗೂ ಸಾಲಾಗಿ ಗುಂಡಿ.”

“ನಿಜವಾ?”

“ಪ್ರಾಮಿಸ್.”

ನಮ್ಮ ಸ್ಕೂಲಿನ ಮುದಿ ಮದರ್ ಹಾಕುತ್ತಿದ್ದ ಗೌನನ್ನು ನೆನೆದು ಹೇಳಿದ ಸುಳ್ಳು ಅದು. ರಸ್ತೆಯೆಲ್ಲ ನಗಲಿ ಎಂದು ಕಾದೆ.

ದೀಪಾವಳಿಯ ದಿನ ಕಡುನೀಲಿ ರವಿಕೆಯಲ್ಲಿ, ಅದೇ ಬಟ್ಟೆ ಸುತ್ತಿದ ಹನ್ನೊಂದು ಪುಟ್ಟ ಗುಂಡಿಗಳ ಜೊತೆ ಅಕ್ಕ ಹೊರಬಂದಳು. ಯಾರೂ ನಗಲಿಲ್ಲ. ಎದುರುಮನೆಯ ಟೀಚರಮ್ಮ ಅವಳನ್ನು ಎರಡು ಸುತ್ತು ತಿರುಗಿಸಿ ನೋಡಿ, “ನಂಗೂ ಒಂದು ಹೊಲ್ಕೊಡ್ರೀ,” ಅಂದರು. ಅಕ್ಕ ನನ್ನತ್ತ ಕೈತೋರಿಸಿದಳು: “ಇವ್ಳೇ ನೋಡ್ಕೊಂಡ್ ಬಂದು ಹೇಳಿದ್ದು!”

ಬೆನ್ನಿನ ಗುಂಡಿಗೆ ಅವಳ ಕೈ ನಿಲುಕುತ್ತಿರಲಿಲ್ಲ. ಅತ್ತೆಯನ್ನು ಕೇಳುವ ಹಾಗಿಲ್ಲ. ಹಾಗಾಗಿ ಆ ರವಿಕೆ ತೊಟ್ಟಾಗಲೆಲ್ಲ ನನ್ನ ಹತ್ತಿರವೇ ಬರುತ್ತಿದ್ದಳು. “ಸ್ವಲ್ಪ ಹಾಕ್ ಮಾ.” ಹೊಟ್ಟೆ ಉರಿದುಕೊಂಡೇ ಒಂದೊಂದಾಗಿ ಹನ್ನೊಂದೂ ಹಾಕುತ್ತಿದ್ದೆ.

ಎರಡು ವರ್ಷದ ನಂತರ ಅವಳ ಗಂಡನಿಗೆ ಕೊಯಮತ್ತೂರಿನಲ್ಲಿ ಕೆಲಸವಾಯಿತು. ಹೊರಡುವ ಬೆಳಗ್ಗೆಯೂ ಬಂದು ಬೆನ್ನು ಕೊಟ್ಟು ನಿಂತಳು. ನಾನು ನಾಲ್ಕು ಗುಂಡಿ ಹಾಕಿದ್ದೆ.

“ಅತ್ತೆ ಮೊದ್ಲೇ ಊರಿಗೆ ಹೋದ್ರಲ್ಲ, ಇವ್ರಿಗೆ ಧೈರ್ಯ ಬಂತು. ನಿನ್ನೆ ಆ ಪಿಕ್ಚರ್ ನೋಡಿದ್ವಿ ಮಾ. ಮತ್ತೆ ಹಾಕಿದಾರೆ.”

ನನ್ನ ಬೆರಳು ನಿಂತವು.

“ಯಾಕ್ ನಿಲ್ಲಿಸ್ದೆ? ಹಾಕು, ಲಾರಿ ಕಾಯ್ತಿದೆ.”

ಯಾರ ಕಾಲು ತುಳಿದರೂ ತಕ್ಷಣ ‘ಸಾರಿ’ ಅನ್ನುವುದನ್ನು ಕಾನ್ವೆಂಟ್ ಕಲಿಸಿತ್ತು. ಆ ಬೆಳಗ್ಗೆ ಅದೊಂದು ಮಾತು ಬಾಯಿಗೆ ಬರಲಿಲ್ಲ. ಉಳಿದ ಏಳನ್ನೂ ಹಾಕಿದೆ…

“ಆಂಟಿ, ರೆಡಿ,” ಎಂದು ಟೈಲರ್ ಪ್ಯಾಂಟ್ ಚಾಚಿದಾಗ ಎದ್ದೆ. ಅಕ್ಕ ಈಗ ಇದ್ದಾಳೋ ಇಲ್ಲವೋ, ಕೇಳೋಣವೆಂದರೆ ಆ ರಸ್ತೆಯಲ್ಲಿ ಅವಳನ್ನು ಬಲ್ಲವರೂ ಉಳಿದಿಲ್ಲ. ನಾನು ಕೊನೆಯ ಬಾರಿ ನೋಡಿದ್ದು ಅವಳ ಬೆನ್ನನ್ನೇ. ಲಾರಿ ಹತ್ತುವ ಮುನ್ನ ಸೆರಗನ್ನು ಹಿಂದಿನಿಂದ ಎಳೆದು ಮುಂದಕ್ಕೆ ಸಿಕ್ಕಿಸಿಕೊಂಡಳು, ಹನ್ನೊಂದೂ ಗುಂಡಿ ಇಡೀ ರಸ್ತೆಗೆ ಕಾಣುವ ಹಾಗೆ.